ಗೂಬೆಯಿಂದ ಮೂರನೇ ಮನೆ

“ನಾಳೆ ಬೆಳಗ್ಗೆ ನೋಡ್ತಿರು ಮಾರ್ಲಿಸ್! ಹೂವು ಎತ್ತಿದ ಹಾಗೆ ಗಾಡಿ ಎತ್ತುತೀನಿ. ಹೊರಟಿದ್ದು ನಿನಗೆ ಗೊತ್ತೂ ಆಗಬಾರದು!” ಎಂದು ಡೆಲ್ಬರ್ಟ್ ಶಪಥ ಮಾಡಿದ.

ಮಿನೆಸೋಟಾದ ಮೊಳೆ-ಸುತ್ತಿಗೆ ಅಂಗಡಿ ಮುಚ್ಚಿ, ಪಿಕಪ್ಪಿನ ಬಾಲಕ್ಕೆ ಗಾಡಿಮನೆ ಕಟ್ಟಿಕೊಂಡು, ಹೆಂಡತಿಯೊಡನೆ ಪಶ್ಚಿಮದ ಕಾಡು-ಬೆಟ್ಟಗಳ ಕಡೆ ಹೊರಟಿದ್ದ ವೀರ ಆತ. ಕಾಡೆಂದರೆ ‘ನಗುವ ಗೂಬೆ’ ಕಂಪನಿಯ ಸಾಲುಸಾಲು ಶಿಬಿರಗಳು. ಬಿಸಿನೀರಿನ ಸ್ನಾನ, ಈಜುಕೊಳ, ಬೆಳಗ್ಗೆ ಪ್ಯಾನ್‌ಕೇಕು. ವನವಾಸದ ಕಷ್ಟ ಒಂದೇ: ವೈಫೈ ಆಗಾಗ ನಿಧಾನ! ಯಾವ ರಾಜ್ಯಕ್ಕೆ ಹೋದರೂ ಅದೇ ಹಳದಿ ಚಾವಣಿ, ಓಣಿಯ ಮೂಲೆಯಲ್ಲಿ ಹಲ್ಲು ಕಿರಿಯುವ ಅದೇ ಮರದ ಗೂಬೆ. ಗೂಬೆಗೆ ಹಲ್ಲೆಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಬಾಡಿಗೆ ಕೊಟ್ಟವರಿಗೆ ಹಲ್ಲು ಕಿರಿಯುವುದು ಅದರ ಕೆಲಸ.

ಶಪಥಕ್ಕೆ ಕಾರಣವಿತ್ತು. ಮೊದಲ ಶಿಬಿರ ಬಿಡುವಾಗ ಡೆಲ್ಬರ್ಟ್ ಪೈಪು ಕಳಚಲು ಮರೆತು ನಲ್ಲಿಯನ್ನೇ ಬುಡಸಮೇತ ಕಿತ್ತು ತಂದಿದ್ದ. ಎರಡನೆಯದನ್ನು ಬಿಡುವಾಗ ನೆರಳಿನ ಪರದೆ ಮಡಚಲು ಮರೆತು, ಪಕ್ಕದವರ ಒಣಗುತ್ತಿದ್ದ ಒಳಉಡುಪುಗಳನ್ನು ಬಾವುಟದಂತೆ ಹಾರಿಸಿಕೊಂಡು ಹೆದ್ದಾರಿ ಮುಟ್ಟಿದ್ದ.

“ಇನ್ನೊಂದೇ ಒಂದು ಅನಾಹುತ ಮಾಡು,” ಎಂದಿದ್ದಳು ಮಾರ್ಲಿಸ್. “ಮುಂದಿನ ಊರಲ್ಲೇ ಈ ಡಬ್ಬ ಮಾರಿ ಮೋಟೆಲಲ್ಲಿ ಇಳ್ಕೊಳ್ಳೋಣ.”

“ಡಬ್ಬ ಅನ್ನಬೇಡ ಕಣೇ! ನನ್ನ ಜೀವಮಾನದ ಕನಸು!”

“ಕನಸಲ್ಲೇ ಇಟ್ಕೋಬೇಕಿತ್ತು. ಅಲ್ಲಿ ನಲ್ಲಿ ಕಿತ್ಕೊಂಡು ಬರಲ್ಲ.”

ಹೀಗಾಗಿ ಬೆಳಗ್ಗೆ ಹೆಂಡತಿ ಮಲಗಿದ್ದಾಗಲೇ ಡೆಲ್ಬರ್ಟ್ ಪಿಕಪ್ಪಿಗೆ ಡೀಸೆಲ್ ತುಂಬಿಸಲು ಹೋದ. ತುಂಬಿಸಿಕೊಂಡು ಬಂದ. ಹಳದಿ ಚಾವಣಿ, ಗೂಬೆ, ಗೂಬೆಯಿಂದ ಮೂರನೇ ಗಾಡಿಮನೆ. ಬಿಳಿ ಮೈ, ಕಂದು ಪಟ್ಟೆ, ಇಳಿಬಿಟ್ಟ ಪರದೆ. ದೇಶದ ಅರ್ಧ ನಿವೃತ್ತರು ಕೊಂಡ ಮಾಡೆಲ್ಲೇ ಅದು. ಹಿಂದಿನ ಎರಡೂ ಶಿಬಿರಗಳಲ್ಲಿ ಅವರಿಗೆ ಸಿಕ್ಕಿದ್ದು ಗೂಬೆಯಿಂದ ಮೂರನೇ ಜಾಗವೇ. ಇಲ್ಲಿ ಮಾತ್ರ ಬಟ್ಟೆ ಒಗೆಯುವ ಕೊಠಡಿಯ ಹಿಂದೆ ಕೊಟ್ಟಿದ್ದರು. ಈ ಸಂಗತಿ ಡೆಲ್ಬರ್ಟನ ತಲೆಗೆ ಗೊತ್ತಿತ್ತು, ಪಿಕಪ್ಪಿನ ಚಕ್ರಗಳಿಗೆ ಯಾರೂ ಹೇಳಿರಲಿಲ್ಲ!

ಬೆಕ್ಕಿನ ಹೆಜ್ಜೆಯಲ್ಲಿ ಕೆಲಸ ಶುರುವಾಯಿತು. ಪೈಪು ಕಳಚಿದ, ಸುತ್ತಿದ. ಪರದೆ ಮಡಚಿದ. ಕುರ್ಚಿ ಒಳಗಿಟ್ಟ. ಪಿಕಪ್ಪಿನ ಕೊಕ್ಕೆಯನ್ನು ಗಾಡಿಮನೆಗೆ ಸಿಕ್ಕಿಸಿದ್ದಂತೂ ಮಗುವಿಗೆ ಓಲೆ ಹಾಕಿದಷ್ಟು ನಯ! ಒಳಗಿನಿಂದ ಗೊರಕೆ ಸಮವಾಗಿ ಕೇಳುತ್ತಿತ್ತು. ಹೆಂಡತಿಯ ಗೊರಕೆ ಗುರುತಿಸದ ಗಂಡನುಂಟೇ ಎಂದು ಬೀಗಿದ. ಎದುರು ಓಣಿಯಲ್ಲಿ ಕಾಫಿ ಹಿಡಿದು ಕೂತಿದ್ದ ಮುದುಕನೊಬ್ಬ, “ಪರವಾಗಿಲ್ಲ ಕಣಯ್ಯಾ, ಅಷ್ಟೇನೂ ಕೆಟ್ಟದಾಗಿಲ್ಲ!” ಎಂದ. ಆ ಕಡೆಯ ಜನರ ಬಾಯಲ್ಲಿ ಇದಕ್ಕಿಂತ ದೊಡ್ಡ ಬಿರುದಿಲ್ಲ.

ಗಾಡಿ ಹಂಸದಂತೆ ತೇಲುತ್ತಾ ಗೇಟಿನ ಬಳಿಯ ಪ್ಯಾನ್‌ಕೇಕು ಚಪ್ಪರಕ್ಕೆ ಬಂತು. ಅಲ್ಲಿ ಕೈಯಲ್ಲಿ ತಟ್ಟೆ ಹಿಡಿದು ಮಾರ್ಲಿಸ್ ನಿಂತಿದ್ದಳು. ಡೆಲ್ಬರ್ಟ್ ಗೆಲುವಿನಿಂದ ಕೈ ಬೀಸಿದ. ಬೀಸಿದ ಕೈ ಗಾಳಿಯಲ್ಲೇ ನಿಂತಿತು. ಮಾರ್ಲಿಸ್ ಇಲ್ಲಿದ್ದರೆ ಹಿಂದೆ ಗೊರಕೆ ಹೊಡೆಯುತ್ತಿರುವುದು ಯಾರು?

“ಡೆಲ್, ಯಾರ ಮನೆ ಹೊತ್ಕೊಂಡು ಬಂದೆ?”

“ನ... ನಮ್ಮದೇ...”

“ನಮ್ಮದು ಲಾಂಡ್ರಿ ಹಿಂದಿದೆ. ಈಗ ತಾನೇ ಬಾಗಿಲು ಹಾಕ್ಕೊಂಡು ಬಂದೆ.”

ಅಷ್ಟರಲ್ಲಿ ಸ್ನಾನದ ಮನೆಯ ಕಡೆಯಿಂದ ಟವೆಲು ಸುತ್ತಿಕೊಂಡು, ಕೈಯಲ್ಲಿ ಸೋಪು ಹಿಡಿದು ದಢೂತಿ ಮನುಷ್ಯನೊಬ್ಬ ಓಡಿಬಂದ. “ಅಯ್ಯೋ ನನ್ನ ಪ್ಯಾಂಟು! ನನ್ನ ಮನೆ! ನನ್ನ ಟ್ರೂಡಿ!” ಈ ಅನುಕ್ರಮ ಅವನದೇ.

ಗಾಡಿಮನೆಯ ಬಾಗಿಲು ತೆರೆಯಿತು. ತಲೆಗೂದಲಿಗೆ ಗುಂಗುರು ಮಾಡುವ ಸುರುಳಿ ಸುತ್ತಿಕೊಂಡ ಹೆಂಗಸು ಆಕಳಿಸುತ್ತಾ ಹೊರಗಿಣುಕಿದಳು. “ಕ್ಲೈಡ್, ಹೊರಟೇಬಿಟ್ವಾ? ಇವತ್ತು ಎಷ್ಟು ಚೆನ್ನಾಗಿ ಓಡಿಸ್ತಿದೀಯ! ಒಂದು ಕಪ್ಪೂ ಬೀಳಲಿಲ್ಲ!” ಎಂದವಳು ಟವೆಲಿನ ಗಂಡನನ್ನು ಕಂಡು, “ಓ, ನೀನಲ್ವಾ? ಅನ್ಕೊಂಡೆ!” ಎಂದಳು.

“ತಪ್ಪು ನನ್ನದಲ್ಲ, ಆ ಗೂಬೆಯದು! ಎಲ್ಲ ಕಡೆ ಒಂದೇ ಥರ ಕೂತಿರುತ್ತೆ!” ಎಂದು ಡೆಲ್ಬರ್ಟ್ ಕೂಗಿದ. ಗೂಬೆಯ ಮೇಲೇ ಗೂಬೆ ಕೂರಿಸಿದ ಮೊದಲ ಮನುಷ್ಯ! ಆಮೇಲೆ ಹೆಂಡತಿಯ ಕಡೆ ತಿರುಗಿ ವಕೀಲನಾದ. “ಅನಾಹುತ ಮಾಡಬಾರದು ಅಂತ ತಾನೇ ನೀನು ಅಂದಿದ್ದೆ? ಏನಾದ್ರೂ ಮುರೀತಾ? ಏನಾದ್ರೂ ಕಿತ್ತು ಬಂತಾ? ಗಾಡಿ ನಮ್ಮದೇ ಆಗಿರಬೇಕು ಅಂತ ನೀನು ಹೇಳಿರಲಿಲ್ಲ!”

“ಏನೂ ಮುರೀಲಿಲ್ಲಮ್ಮ, ನಾನೇ ಸಾಕ್ಷಿ,” ಎಂದಳು ಟ್ರೂಡಿ.

“ಮದುವೆಯಾದ ಮೇಲೆ ಒಂದೇ ಒಂದು ಕೆಲಸ ನೆಟ್ಟಗೆ ಮಾಡಿದಾನೆ,” ಎಂದಳು ಮಾರ್ಲಿಸ್. “ಅದೂ ಇನ್ನೊಬ್ಬಳಿಗೆ!”

ಚಪ್ಪರವೇ ನಕ್ಕಿತು. ಟವೆಲು ಬಿಗಿಹಿಡಿದು ಕ್ಲೈಡನೂ ನಕ್ಕ. ಮಾರ್ಲಿಸಳೂ ತಟ್ಟೆಯ ಪ್ಯಾನ್‌ಕೇಕಿನ ಸಿಹಿ ಪಾಕ ತೋಳಿಗಿಳಿಯುವಷ್ಟು ನಕ್ಕಳು. ಅಷ್ಟು ನಕ್ಕ ಮೇಲೆ ಗಾಡಿಮನೆ ಮಾರಲು ಯಾರಿಗೆ ಮನಸ್ಸು ಬರುತ್ತದೆ? “ಸರಿ, ಡಬ್ಬ ಇರಲಿ. ಆದ್ರೆ ಕೀಲಿಕೈ ಇತ್ತ ಕೊಡು,” ಎಂದಳು.

ಸಂಜೆ ಮುಂದಿನ ‘ನಗುವ ಗೂಬೆ’ಗೆ ಗಾಡಿ ಓಡಿಸಿಕೊಂಡು ಬಂದವಳು ಅವಳೇ. ಕಚೇರಿಯ ಹುಡುಗಿ ಕಣ್ಣರಳಿಸಿ, “ಡೆಲ್ಬರ್ಟ್ ಅಂದ್ರೆ ನೀವೇನಾ ಸಾರ್? ಹಿಂದಿನ ಶಿಬಿರದವರು ಫೋನ್ ಮಾಡಿ ಹೇಳಿದ್ರು!” ಎಂದಳು. ಡೆಲ್ಬರ್ಟ್ ಎದೆ ಸೆಟೆದು ಪಕ್ಕದ ಸೀಟಿನಲ್ಲಿ ಕೂತ. ಓಣಿಗೆ ತಿರುಗುತ್ತಿದ್ದಂತೆ ಕುರ್ಚಿಗಳಲ್ಲಿದ್ದವರೆಲ್ಲ ಎದ್ದು ನಿಂತರು, ನಕ್ಕರು, ಕೈ ಬೀಸಿದರು.

“ನೋಡಿದ್ಯಾ ಮಾರ್ಲಿಸ್! ಎದ್ದು ನಿಂತು ಗೌರವ ಕೊಡ್ತಿದಾರೆ!”

ಮಾರ್ಲಿಸ್ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದಳು.

“ಗೌರವವೇ ಕಣೋ. ಎದ್ದವರೆಲ್ಲ ಈಗ ಅವರವರ ಗಾಡಿ ಕೊಕ್ಕೆಗೆ ಬೀಗ ಹಾಕ್ತಿದಾರೆ.”