ಭೂಮಿತಾಯಿಗೆ ಒದೆಯದೆ ಓಡುವುದು ಹೇಗೆ

ಹನಗೋಡು ಕಡೆಯ ನಮ್ಮ ಮನೆಯಲ್ಲಿ ಗಂಭೀರವಾಗಿ ಶುರುವಾದ ಯಾವ ಕೆಲಸವೂ ಗಂಭೀರವಾಗಿ ಮುಗಿದದ್ದಿಲ್ಲ. ದೇವರ ಇಚ್ಛೆ ಹಾಗಿದ್ದರೆ ನಾವೇನು ಮಾಡಲಾದೀತು? ತೊಂಬತ್ತರ ದಶಕದ ಕೊನೆಯಲ್ಲಿ, ಹೈಸ್ಕೂಲಿನಲ್ಲಿದ್ದ ನನ್ನ ಮಗಳು ಓಟ ಶುರುಮಾಡಿದಳು. ಅದೂ ಹಾಗೆಯೇ ಆಯಿತು.

೧. ಸಂಚಿ

ಒಂದು ಬೆಳಗ್ಗೆ ನಮ್ಮವ್ವ ಹುಣಸೂರಿಗೆ ಹೋಗಲು ಬಸ್ಸು ಹತ್ತಿದಳು. ಪಕ್ಕದ ಸೀಟಿನಲ್ಲಿ ಮಗಳ ಸ್ಕೂಲಿನ ಪಿ.ಟಿ. ಮೇಷ್ಟ್ರು. ಅವ್ವ ಹರೆಯದಲ್ಲಿ ಕೊಡಗಿನ ತೋಟಕ್ಕೆ ಕಾಫಿ ಹಣ್ಣು ಕುಯ್ಯಲು ಹೋಗಿದ್ದವಳು. ಅಲ್ಲಿಯವರು ಮಗು ಹುಟ್ಟಿದರೂ ಹಬ್ಬ ಬಂದರೂ ಆಕಾಶಕ್ಕೆ ಕೋವಿ ಹಾರಿಸುತ್ತಾರೆ ಎಂಬ ಕತೆಯನ್ನು ಯಾರು ಸಿಕ್ಕಿದರೂ ಹೇಳುತ್ತಾಳೆ. ಮೇಷ್ಟ್ರಿಗೂ ಹೇಳತೊಡಗಿದಳು. ಬಸ್ಸು ಹೊರಟಿತು. ಎಲೆ ಅಡಿಕೆ ಸಂಚಿ ಮಾತ್ರ ನಮ್ಮ ಜಗಲಿಯ ಮೇಲೆಯೇ ಉಳಿದಿತ್ತು.

ಮಗಳು ಸಂಚಿ ಹಿಡಿದು ಬಸ್ಸಿನ ಹಿಂದೆ ಓಡಿದಳು. ಕೋವಿಯ ಕತೆ ಅರ್ಧಕ್ಕೆ ಬಂದಿರಬೇಕು, ಕಿಟಕಿಯ ಆಚೆ ಎರಡು ಜಡೆ ಬಸ್ಸಿನ ಸಮಕ್ಕೆ ಹಾರುತ್ತಾ ಬರುವುದು ಮೇಷ್ಟ್ರ ಕಣ್ಣಿಗೆ ಬಿತ್ತು. "ನಿಲ್ಸಿ, ನಿಲ್ಸಿ!" ಎಂದು ಕೂಗಿ ಕೆಳಗಿಳಿದವರು, ಸಂಚಿಯನ್ನು ಅವ್ವನಿಗೆ ಕೊಡಿಸಿ, "ಮಗಾ, ಆ ಆಲದ ಮರದಿಂದ ಇನ್ನೊಂದ್ಸಲ ಓಡ್ಕೊಂಡ್ ಬಾ" ಎಂದರು.

ಕಂಡಕ್ಟರಿಗೆ ಸಿಟ್ಟು. "ಏನ್ ಮೇಷ್ಟ್ರೇ, ಹುಡುಗೀನ ಹತ್ತಿಸ್ಕೊಳ್ಳೋದಾ, ಓಡ್ಸೋದಾ?"

ಮಗಳು ಮತ್ತೆ ಓಡಿ ಬಂದದ್ದನ್ನು ಬಸ್ಸಿಗೆ ಬಸ್ಸೇ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿತು. ಮೇಷ್ಟ್ರು ಬೆರಗಾಗಿ, "ಅಜ್ಜೀ, ನಿಮ್ಮ ಮೊಮ್ಮಗಳ ಕಾಲಲ್ಲಿ ಏನಿದೆ ಗೊತ್ತಾ?" ಎಂದರು.

ಅವ್ವ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದಳಂತೆ: "ಏನೈತೆ ಬುಡಿ ಮೇಷ್ಟ್ರೇ, ಒಂದ್ ಕಾಲ್ಚೈನೂ ಇಲ್ಲ. ಅವರಪ್ಪ ಕೊಡ್ಸಿದ್ರಲ್ವಾ!"

೨. ರಾಗಿ ಮೂಟೆ

ಭಾನುವಾರ ಮೇಷ್ಟ್ರು ಮನೆಗೇ ಬಂದರು. ತಾಲ್ಲೂಕು ಕ್ರೀಡಾಕೂಟಕ್ಕೆ ಇವಳನ್ನು ಕಳಿಸಿ, ಅಲ್ಲಿ ಗೆದ್ದರೆ ಮೈಸೂರು ಎಂದರು. ಆಮೇಲೆ ಜಗಲಿಯ ಮೇಲೆ ಕುಳಿತು ಓಟದ ಒಳಗುಟ್ಟು ಬಿಡಿಸಿ ಹೇಳಿದರು. ನಾನು ಊರಿನ ಶಾಲೆಯಲ್ಲಿ ಓದಿದವನು, ಕಾಲು ಬೇಗ ಬೇಗ ಬೀಸಿದವನೇ ಓಟಗಾರ ಎಂದು ತಿಳಿದಿದ್ದೆ. ಅಲ್ಲವಂತೆ. ಕಾಲನ್ನು ಗಾಳಿಯಲ್ಲಿ ಎಲ್ಲರೂ ಹೆಚ್ಚುಕಮ್ಮಿ ಒಂದೇ ಹದದಲ್ಲಿ ಬೀಸುತ್ತಾರಂತೆ. ನೆಲ ಮುಟ್ಟಿದ ಆ ಚಣದಲ್ಲಿ ಯಾರು ಜೋರಾಗಿ ಒದೆಯುತ್ತಾರೋ ಅವರದೇ ಗೆಲುವು. ನಾವು ಎಷ್ಟು ಒದ್ದರೆ ನೆಲ ಅಷ್ಟನ್ನೇ ಹಿಂದಕ್ಕೆ ಕೊಟ್ಟು ನಮ್ಮನ್ನು ಮುಂದಕ್ಕೆ ನೂಕುತ್ತದೆ. ರೆಪ್ಪೆ ಬಡಿಯುವಷ್ಟೂ ಹೊತ್ತಿಲ್ಲ, ಅಷ್ಟರಲ್ಲಿ ಮೈತೂಕದ ಎರಡು ಮೂರು ಪಟ್ಟು ಭಾರವನ್ನು ಒಂಟಿ ಕಾಲಿನ ತೊಡೆ, ಮೀನಖಂಡಗಳು ತಡೆದು ಎತ್ತಿ ಎಸೆಯುತ್ತವೆ.

ನನಗೆ ಮೈ ಜುಮ್ಮೆಂದಿತು. ಒಂದು ಹಿಡಿ ಮಾಂಸದಲ್ಲಿ ಭಗವಂತ ಇಂಥ ಶಕ್ತಿ ತುಂಬಿಟ್ಟಿದ್ದಾನಲ್ಲಾ! ಮೇಷ್ಟ್ರು ಹೋದಮೇಲೆ ನಡುಮನೆಯಲ್ಲಿ ರಾಗಿ ಮೂಟೆ ಹೆಗಲಿಗೇರಿಸಿ ಒಂದು ಕಾಲು ಎತ್ತಿದೆ.

ಸದ್ದಿಗೆ ಹೆಂಡತಿ ಓಡಿ ಬಂದಳು. "ಏನಾಯ್ತು?"

"ಮೇಷ್ಟ್ರು ಹೇಳಿದ್ದು ನಿಜ ಕಣೇ. ನೆಲ ಹಿಂದಕ್ಕೆ ಕೊಡ್ತದೆ. ಆದ್ರೆ ಪಾದಕ್ಕೇ ಕೊಡಬೇಕು ಅಂತ ಏನಿಲ್ಲ."

೩. ಮೆತ್ತಗಿನ ಒದೆ

ಅವ್ವ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಬೆಳಗ್ಗೆ ಎದ್ದು ಪಾದ ಊರುವ ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ತುಳಿಯುತ್ತೇನೆ ತಾಯಿ, ಮನ್ನಿಸು ಎನ್ನುವುದು ನಮ್ಮ ಮನೆಯ ಪದ್ಧತಿ.

"ಅಲ್ಲಾ ಕಣ್ಲಾ, ಬೆಳಿಗ್ಗೆ ಕಾಲು ತಾಕ್ತದೆ ಅಂತ ಕ್ಷಮೆ ಕೇಳಿ, ಸಂಜೆ ಹೋಗಿ ಅದೇ ತಾಯ್ಗೆ ಒದೆಯೋದಾ? ಓಟ ಬ್ಯಾಡ, ಏನೂ ಬ್ಯಾಡ."

ಮಗಳ ಕಣ್ಣು ತುಂಬಿತು. "ಅಜ್ಜೀ, ಮೆತ್ತಗೆ ಒದೀತೀನಿ."

ಮಾತಿಗೆ ತಪ್ಪುವ ಹುಡುಗಿಯಲ್ಲ. ಮೆತ್ತಗೇ ಒದ್ದಳು. ಒಂದು ವಾರ ಸಂಜೆಯ ಅಭ್ಯಾಸದಲ್ಲಿ ಸ್ಕೂಲಿನ ಎಲ್ಲರಿಗಿಂತ ಹಿಂದೆ ಬಂದಳು. ಮೇಷ್ಟ್ರು ನನ್ನನ್ನು ಗದ್ದೆಯ ಬದುವಿನ ಮೇಲೆ ಹಿಡಿದು, "ಯಜಮಾನ್ರೇ, ಹೀಗಾದ್ರೆ ಕೂಟಕ್ಕೆ ಬೇರೆ ಹುಡುಗಿ ಹೆಸರು ಕೊಡ್ಬೇಕಾಗ್ತದೆ. ನಿಮ್ ತಾಯೀನ ಒಪ್ಪಿಸಿ" ಎಂದರು.

ಅವ್ವನನ್ನು ಒಪ್ಪಿಸುವುದು ಕೊರಡಿನ ಹತ್ತಿರ ಹಾಲು ಕರೆದ ಹಾಗೆ. ಆದರೂ ಕೇಳಿದೆ. "ನಾವು ನೇಗಿಲು ಹಾಕಿ ಭೂಮೀನೇ ಸೀಳ್ತೀವಲ್ಲವ್ವಾ?"

"ಯುಗಾದೀಲಿ ಹೊನ್ನಾರು ಕಟ್ಟಿ, ನೇಗ್ಲಿಗೆ ಎತ್ತಿಗೆ ಪೂಜೆ ಮಾಡಿ, ಆಮೇಲಲ್ವಾ ಸೀಳೋದು? ಓಡೋರು ಪೂಜೆ ಮಾಡಿ ಒದೀತಾರಾ? ಕೇಳು ನಿನ್ ಮೇಷ್ಟ್ರನ್ನ."

ಕೇಳಿದೆ. ಮೇಷ್ಟ್ರು ನಕ್ಕರು. "ಅಜ್ಜೀನೇ ಹುಣಸೂರಿಗೆ ಬಂದು ನೋಡ್ಲಿ."

"ಬತ್ತೀನಿ," ಎಂದಳು ಅವ್ವ. "ಕೈಮುಗೀದೆ ಒದ್ಲೋ, ಜಡೆ ಹಿಡ್ಕೊಂಡು ಅಲ್ಲಿಂದ್ಲೇ ಎಳ್ಕೊಂಡ್ ಬತ್ತೀನಿ." ಸಂಚಿಯಲ್ಲಿ ಎಲೆ ಅಡಿಕೆಯ ಜೊತೆ ಅರಿಶಿನ ಕುಂಕುಮವನ್ನೂ ಇಟ್ಟುಕೊಂಡಳು.

೪. ಹುಣಸೂರಿನ ಮೈದಾನ

ಮೈದಾನದ ಅಂಚಿನಲ್ಲಿ ಅವ್ವ, ನಾನು, ಮೇಷ್ಟ್ರು ನಿಂತೆವು. ಹುಡುಗಿಯರು ಗೆರೆಯ ಹಿಂದೆ ಕಾಲೂರಲು ಚಿಕ್ಕ ಚಿಕ್ಕ ಗುಳಿ ತೋಡಿಕೊಂಡರು. ಅವ್ವನ ಮುಖ ಬಿಗಿಯಿತು. ಕೆಂಪು ಟೋಪಿಯ ಒಬ್ಬರು ಪಿಸ್ತೂಲು ಹಿಡಿದು ಬಂದು ಇಂಗ್ಲಿಷಿನಲ್ಲಿ ಏನೋ ಕೂಗಿದರು.

ಕೂಗಿದ್ದೇ ತಡ, ಅಷ್ಟೂ ಹುಡುಗಿಯರು ಮಂಡಿಯೂರಿ ಎರಡೂ ಕೈಗಳನ್ನು ನೆಲಕ್ಕೆ ಮುಟ್ಟಿಸಿ ತಲೆ ಬಾಗಿಸಿದರು.

ಅವ್ವ ನನ್ನ ತೋಳು ಹಿಡಿದಳು. "ನೋಡ್ಲಾ! ಎಲ್ರೂ ಅಡ್ಡಬಿದ್ರು ಕಣ್ಲಾ!" ನಾನೂ ಅದನ್ನು ಕಾಣುತ್ತಿದ್ದುದು ಅದೇ ಮೊದಲು. ಅರಿವಿಲ್ಲದೆ ಕೈ ಮುಗಿದೆ. ಮೇಷ್ಟ್ರು ಆಕಾಶ ನೋಡುತ್ತಿದ್ದರು.

ಅಷ್ಟರಲ್ಲಿ ಗುಂಡು ಹಾರುವ ಮೊದಲೇ ಒಂದು ಹುಡುಗಿ ಎದ್ದು ಓಡಿಬಿಟ್ಟಳು. ಟೋಪಿಯವರು ಗದರಿ ಹಿಂದಕ್ಕೆ ಕರೆದು, ಎಲ್ಲರನ್ನೂ ಮತ್ತೆ ಮಂಡಿಯೂರಿಸಿದರು.

"ಅರ್ಧಂಬರ್ಧ ಕೈಮುಗ್ದು ಎದ್ಲು, ಬುಟ್ರಾ ನೋಡು! ಎಂಥಾ ನಿಷ್ಠೆ!" ಎಂದಳು ಅವ್ವ. ಆಮೇಲೆ ಮೈದಾನವೆಲ್ಲ ಕೇಳುವ ಹಾಗೆ ಕೂಗಿದಳು: "ಮಗಾ, ಅಪ್ಪಣೆ ಆಗೈತೆ! ಚೆನ್ನಾಗ್ ಒದಿ!"

ಗುಂಡು ಹಾರಿತು. ಮಗಳು ಬಾಗಿದ ಮೈಯಲ್ಲೇ ಚಿಮ್ಮಿದಳು. ಒಂದೊಂದೇ ಹೆಜ್ಜೆಗೆ ಮೈ ನೆಟ್ಟಗಾಯಿತು. ಅವಳು ನಮ್ಮ ಮುಂದೆ ಹಾದಾಗ ಆ ಒದೆತದ ಅದುರು ನನ್ನ ಅಂಗಾಲಿಗೆ ಬಂತು. ಅವಳು ಓಡುತ್ತಿದ್ದಾಳೆ ಅನ್ನಿಸಲಿಲ್ಲ, ನೆಲವೇ ಅವಳನ್ನು ಎತ್ತಿ ಎತ್ತಿ ಮುಂದಿನ ನೆಲಕ್ಕೆ ಕೊಡುತ್ತಿದೆ ಅನ್ನಿಸಿತು. ದಾರವನ್ನು ಮೊದಲು ಎದೆಗೆ ತಾಕಿಸಿಕೊಂಡವಳು ಅವಳೇ. ಮೈಸೂರು ಗಟ್ಟಿಯಾಯಿತು.

ತಿರುಗಿ ನೋಡಿದರೆ ಅವ್ವ ಇಲ್ಲ. ಗೆರೆಯ ಬಳಿ ಹೋಗಿ, ಮೊಮ್ಮಗಳ ಗುಳಿಗೆ ಅರಿಶಿನ ಕುಂಕುಮ ಹಾಕಿ, ಟೋಪಿಯವರ ಮುಂದೆ ಕೈ ಮುಗಿದು ನಿಂತಿದ್ದಾಳೆ.

"ಬಾಳ ಚೆನ್ನಾಗ್ ಪೂಜೆ ಮಾಡ್ಸುದ್ರಿ ಸ್ವಾಮಿ. ಕೊನೇಲಿ ಆಕಾಶಕ್ಕೆ ಗುಂಡೂ ಹೊಡುದ್ರಿ. ನಿಮ್ದು ಕೊಡಗಾ?"

ಅವರು ಕಕ್ಕಾಬಿಕ್ಕಿಯಾಗಿ, "ಇಲ್ಲಜ್ಜೀ, ಕೆ.ಆರ್. ನಗರ" ಎಂದರು.

ಅವ್ವ ಬೆರಗಾಗಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಅಂಗಾದ್ರೆ ಪಾಪ, ಎಷ್ಟ್ ದೂರ ಓಗಿ ಕಲ್ತು ಬಂದಿದ್ದೀರಿ!"