ಅನಂತರಾಜು ಮೇಷ್ಟ್ರ ಮೂರನೇ ಹುಳ

ಆ ದಿನದ ಗೋಳಿಗೆಲ್ಲಾ ಕಾರಣ ಜಗಲಿ ಮೇಲಿದ್ದ ಮೂರು ಉಪ್ಪಿನಕಾಯಿ ಬಾಟ್ಲಿಗಳು. ಒಂದೊಂದರಲ್ಲೂ ಒಂದೊಂದು ಹುಳ, ಬುಳುಬುಳು ಗುಳ್ಳೆ ಬಿಡುವ ಕೊಳವೆ, ಮೇಲೆ ಸೊಳ್ಳೆಪರದೆಯ ತುಂಡು.

ಮಾಗಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುವ ಅನಂತರಾಜು ಅವನ್ನು ಸಾವನದುರ್ಗದ ಬುಡದ ಹಳ್ಳದಿಂದ ತಂದಿದ್ದರು. ಎರಡು ವರ್ಷ ಮೈಕ್ರೋಸ್ಕೋಪಿನಲ್ಲಿ ಅಂಥ ಹುಳಗಳ ಹಲ್ಲು ಎಣಿಸಿದರೂ ಅವು ಯಾವ ಜಾತಿಯವೆಂದು ತಿಳಿದಿರಲಿಲ್ಲ. ಎರಡು ಜಾತಿಗೆ ಹಲ್ಲು ಒಂದೇ ಥರ. ರೆಕ್ಕೆ ಬಂದ ಗಂಡು ಸಿಕ್ಕಿದರೆ ಮಾತ್ರ ಹೆಸರು ಹೇಳಬಹುದು. ಹಳ್ಳ ಹೋದ ವಾರವೇ ಬತ್ತಿತ್ತು. ಈ ಮೂರೂ ಹೋದರೆ ಮುಂದಿನ ಮಳೆಗಾಲದವರೆಗೆ ಕಾಯಬೇಕು.

ಬೆಳಿಗ್ಗೆ ಅವರು ಮುಖ ತೊಳೆಯುತ್ತಿದ್ದಾಗ ಡೆಂಗ್ಯೂ ಸರ್ವೆಗೆಂದು ಆಶಾ ಕಾರ್ಯಕರ್ತೆ ಭಾನುಪ್ರಿಯ ಬಂದಳು.

"ಸಾರ್, ನೀವೇ ಹಿಂಗೆ ಸೊಳ್ಳೆಮರಿ ಸಾಕುದ್ರೆ ಹೆಂಗೆ?" ಎನ್ನುತ್ತಲೇ ಒಂದು ಬಾಟ್ಲಿಯನ್ನು ಮೋರಿಗೆ ಸುರಿದಳು.

ಮೇಷ್ಟ್ರು ಸೋಪಿನ ಮುಖದಲ್ಲೇ ಓಡಿಬಂದರು. "ಅಯ್ಯೋ, ಅದು ಹರಿಯೋ ನೀರಿನ ಹುಳ ಕಣಮ್ಮಾ! ಸೊಳ್ಳೆ ಥರ ಕಾಣುತ್ತೆ ಅಷ್ಟೇ, ಕಚ್ಚಲ್ಲ!"

"ಕಚ್ಚದೆ ಇರೋ ಸೊಳ್ಳೆ ಯಾವ ಊರಲ್ಲೈತೆ ಮೇಷ್ಟ್ರೇ?" ಎಂದರು ಮನೆಯ ಓನರ್ ಬೈರಮ್ಮ, ಒಳಗಿನಿಂದಲೇ.

ಮೇಷ್ಟ್ರ ಮುಖ ನೋಡಿ ಭಾನುಪ್ರಿಯಳಿಗೆ ಪಾಪ ಅನ್ನಿಸಿತು. ಆಸ್ಪತ್ರೆಯ ತೊಟ್ಟಿಯಿಂದ ಒಂದು ಗಪ್ಪಿ ಮೀನು ತಂದು ಎರಡನೇ ಬಾಟ್ಲಿಗೆ ಬಿಟ್ಟಳು. "ಮರೀನೆಲ್ಲಾ ಈ ಮೀನೇ ತಿನ್ಕತೈತೆ, ಇನ್ನು ಇದರ ನೀರು ಚೆಲ್ಲೋದು ಬೇಡ ಸಾರ್. ಇಟ್ಕಳಿ."

ಮೀನು ಹುಳವನ್ನು ಗುಳುಂ ಅನ್ನಿಸಿತು. ದೇವಸ್ಥಾನದ ಮುಂದೆ ಚಪ್ಪಲಿ ಕಳೆದುಕೊಂಡವರಂತೆ ಮೇಷ್ಟ್ರು ನಿಂತುಬಿಟ್ಟರು.

ಮೂರನೆಯದು ಆಗಲೇ ಮುದುಡಿ ಪ್ಯೂಪವಾಗಿತ್ತು. ಸಂಜೆಯೊಳಗೆ ರೆಕ್ಕೆ ಬರುವುದು ಖಾತ್ರಿ. ಆದರೆ ಮಧ್ಯಾಹ್ನ ಪರೀಕ್ಷೆ ಡ್ಯೂಟಿ. ಬೇರೆ ದಾರಿ ಕಾಣದೆ ಬಾಟ್ಲಿಯನ್ನು ಬೈರಮ್ಮನ ಮುಂದಿಟ್ಟು ಪಾಠ ಶುರು ಮಾಡಿದರು. "ರೆಕ್ಕೆ ಬಂದ್ಮೇಲೆ ಇದಕ್ಕೆ ಮೂರ್ನಾಲ್ಕು ದಿನವೇ ಆಯಸ್ಸು. ಊಟ ಇಲ್ಲ. ಯಾರನ್ನೂ ಕಚ್ಚಲ್ಲ. ಯಾರೂ ಕೊಲ್ಲದಂಗೆ ನೋಡ್ಕೊಳ್ಳೀಮ್ಮಾ."

"ಊಟಾನೂ ಇಲ್ವಾ!" ಬೈರಮ್ಮನ ಕಣ್ಣು ತುಂಬಿತು. "ನೀವು ಹೋಗ್ಬನ್ನಿ ಮೇಷ್ಟ್ರೇ, ನನ್ ಮೊಮ್ಮಗಿನಂಗೆ ನೋಡ್ಕತೀನಿ."

ಸಂಜೆ ಬಂದು ನೋಡಿದರೆ ಬಾಟ್ಲಿ ತೊಳೆದು ಬೋರಲು ಹಾಕಿತ್ತು.

"ಹುಳ?"

"ಮೂರು ಗಂಟೆಗೆ ರೆಕ್ಕೆ ಬಂತು. ಭಾನುಪ್ರಿಯ ಸೊಳ್ಳೆ ಬ್ಯಾಟ್ ಹಿಡ್ಕಂಡು ಬಂದ್ಲು, ಬೈದು ಕಳುಸ್ದೆ. ಆಮೇಲೆ ನೋಡ್ತೀನಿ, ಪರದೆಗೆ ತಲೆ ಚಚ್ಕತಾ ಐತೆ. ಇರೋದೇ ಮೂರು ದಿನ, ಅದ್ನೂ ಬಾಟ್ಲಿಲೇ ಕಳೀಬೇಕಾ ಅಂತ ಬುಟ್ಬುಟ್ಟೆ."

ಮೇಷ್ಟ್ರಿಗೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಹದಿಮೂರು ವರ್ಷದ ಸರ್ವೀಸಿನಲ್ಲಿ ಅವರ ಪಾಠವನ್ನು ಇಷ್ಟು ಮನಸ್ಸಿಟ್ಟು ಕೇಳಿದವರು ಇವರೊಬ್ಬರೇ.

"ತಲೆ ಮೇಲೆ ಗರಿ ಇತ್ತಾ ಅಮ್ಮಾ?" ಮೆಲ್ಲಗೆ ಕೇಳಿದರು.

"ಎರಡಿತ್ತು! ಒಳ್ಳೆ ಮದ್ವೆಗಂಡಿನಂಗಿತ್ತು ಕಣ್ ಮೇಷ್ಟ್ರೇ."

"ಗಂಡೇ," ಎಂದು ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದರು. "ಗರಿ ಇರೋದು ಗಂಡಿಗೇ. ಹೆಸರು ಹೇಳೋಕೆ ಅದೇ ಬೇಕಾಗಿತ್ತು."

ಬೈರಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಕತ್ತಲಾಗುವವರೆಗೂ ಇಬ್ಬರೂ ಸೇರಿ ಅಂಗಳದ ಸೀಬೆಗಿಡವನ್ನು ಎಲೆ ಎಲೆಯಾಗಿ ಹುಡುಕಿದರು. ಸಿಕ್ಕಿದ್ದೆಲ್ಲಾ ಕಚ್ಚುವ ಜಾತಿಯೇ.