ಅರವತ್ತು ಗ್ರಾಂ ಎಳೆಗುರಿ

ಮುನಿವೆಂಕಟಪ್ಪನವರ ಕಿಡ್ನಿ ಸೋತು ಮೂರು ತಿಂಗಳಾಗಿತ್ತು. ನಾಲಿಗೆ ಸೋತೂ ಅಷ್ಟೇ ದಿನ. ಬೇಯಿಸಿ ನೀರು ಬಸಿದ ತರಕಾರಿಯನ್ನು ಉಪ್ಪಿಲ್ಲದೆ ತಿಂದು ತಿಂದು ಅವರ ಮುಖ ಸವೆದ ಸೋಪಿನಂತಾಗಿತ್ತು. ಆ ಶನಿವಾರ ರಾಜಾಜಿನಗರದ ಡಾಕ್ಟರು ರಿಪೋರ್ಟು ನೋಡಿ, "ಪರವಾಗಿಲ್ಲ, ವಾರಕ್ಕೊಂದು ಸಲ ಎಳೆಗುರಿ ಮಾಂಸ ತಿನ್ನಬಹುದು" ಎಂದಾಗ ಅವರ ಕಾಲಿಗೇ ಬೀಳಬೇಕೆನಿಸಿತು. ಡಾಕ್ಟರು ಚೀಟಿಯಲ್ಲಿ ಬರೆದದ್ದು ಅರವತ್ತು ಗ್ರಾಂ, ಕೊಬ್ಬು ತೆಗೆದು, ಉಪ್ಪಿಲ್ಲದೆ ಎಂದು. ಮುನಿವೆಂಕಟಪ್ಪನವರ ಕಿವಿಗೆ ಬಿದ್ದದ್ದು ಎಳೆಗುರಿ ಎಂಬುದೊಂದೇ.

ಭಾನುವಾರ ಬೆಳಿಗ್ಗೆ ಹೆಂಡತಿ ಯಶೋದಮ್ಮ ಕೆಂಗೇರಿಯ ತಮ್ಮನ ಮನೆಗೆ ಹೊರಟರು. "ಮಂಡಿ ನೋವು ಕಣೇ, ನೀನು ಹೋಗ್ಬಾ" ಎಂದು ನರಳಿದ ಮುನಿವೆಂಕಟಪ್ಪನವರು, ಆಕೆ ನಂದಿನಿ ಲೇಔಟಿನ ತಿರುವು ದಾಟುತ್ತಲೇ ಬಟ್ಟೆಚೀಲ ಹಿಡಿದು ಲಗ್ಗೆರೆಯ ಮಟನ್ ಅಂಗಡಿಗೆ ದೌಡಾಯಿಸಿದರು.

"ಎಷ್ಟು ಹಾಕ್ಲಿ ಸಾರ್?"

"ಅರ್ಧ... ಬೇಡಪ್ಪ, ಒಂದು ಕೆಜಿ ಹಾಕು. ತೊಡೆ ಕಡೇದು!"

ಗೇಟು ತೆಗೆಯುವಷ್ಟರಲ್ಲಿ ಪಕ್ಕದ ಮನೆಯ ಮುನಿತಾಯಮ್ಮ ಎದುರಾದರು. ಯಾರ ಮನೆಯಲ್ಲಿ ಯಾವ ಒಗ್ಗರಣೆ ಸಿಡಿಯಿತೆಂದು ನಿದ್ದೆಯಲ್ಲೂ ಹೇಳಬಲ್ಲ ಹೆಂಗಸು.

"ಏನಣ್ಣಾ ಚೀಲದಲ್ಲಿ?"

"ಬೀನ್ಸಮ್ಮ."

"ಬೀನ್ಸಲ್ಲಿ ರಕ್ತ ಸೋರ್ತಾ ಇದೆಯಲ್ಲಣ್ಣಾ!" ಎಂದು ಆಕೆ ಕೂಗಿದ ಕೂಗಿಗೆ ಬೀದಿಯ ಏಳು ಜನ ಸೇರಿದರು. "ಕಿಡ್ನಿ ಪೇಷೆಂಟು ಬಾಡು ತಿಂತಾರಂತೆ! ಯಶೋದಮ್ಮಂಗೆ ನಾವೇನು ಜವಾಬು ಕೊಡೋಣ?"

ಮುನಿವೆಂಕಟಪ್ಪನವರು ಎದೆಯುಬ್ಬಿಸಿ ಚೀಟಿ ತೋರಿಸಿದರು. ಅದೇ ತಪ್ಪಾಯಿತು. ಎದುರು ಮನೆಯ ರೇವಣಸಿದ್ದಪ್ಪ ತೂಕ ಮತ್ತು ಅಳತೆ ಇಲಾಖೆಯಿಂದ ರಿಟೈರ್ ಆದವರು. ಕನ್ನಡಕ ಏರಿಸಿ ಓದಿದರು.

"ಅರವತ್ತು ಗ್ರಾಂ ಅಂತಿದೆ ಸ್ವಾಮಿ! ನೀವು ತಂದಿರೋದು ಹದಿನಾರು ವಾರದ ರೇಷನ್ನು!"

ಅವರ ಮನೆಯಿಂದ ತಕ್ಕಡಿ ಬಂತು. ಕೊಬ್ಬು ಬಿಡಿಸಿ ಮೂರು ತುಂಡು ತೂಗಿ, ಉಪ್ಪಿಲ್ಲದೆ ಬೇಯಿಸಿದ್ದಾಯಿತು. ಉಳಿದದ್ದನ್ನು ಎಸೆಯಲಾದೀತೇ? ಮುನಿತಾಯಮ್ಮ ಖಾರ ಅರೆದು ಸಾರು ಕುದಿಸಿದರು. ಅಷ್ಟೂ ಜನ ಮುನಿವೆಂಕಟಪ್ಪನವರ ಹಾಲಿನಲ್ಲೇ ಎಲೆ ಹಾಕಿಕೊಂಡು ಸಾಲಾಗಿ ಕೂತು, "ನಿಮ್ಮ ಆರೋಗ್ಯ ಮುಖ್ಯ ಅಣ್ಣಾ" ಎನ್ನುತ್ತ ಮೂಳೆ ಚೀಪಿದರು. ಆದರೂ ಮೊದಲ ತುಂಡು ನಾಲಿಗೆ ಮೇಲೆ ಕರಗಿದಾಗ ಮುನಿವೆಂಕಟಪ್ಪನವರ ಕಣ್ಣು ತುಂಬಿ ಬಂತು. ಒಂದೊಂದು ತುಂಡನ್ನೂ ಮದುವೆ ಮಾತುಕತೆಯಷ್ಟು ಹೊತ್ತು ಎಳೆದರು.

ಕೊನೆಯ ತುಂಡು ಗಂಟಲಿಳಿಯುವ ಹೊತ್ತಿಗೆ ಬಾಗಿಲಲ್ಲಿ ಟೆಂಪೋ ನಿಂತಿತು. ಯಶೋದಮ್ಮ ಕುಣಿಯುತ್ತಲೇ ಇಳಿದರು.

"ರೀ, ಏಳಿ! ಬಾವಂಗೆ ಬಾಡು ತಿನ್ನೋ ಯೋಗ ಬಂತು ಅಂತ ನನ್ನ ತಮ್ಮ ಎಳೆಗುರೀನೇ ಕುಯ್ಸಿದಾನೆ, ಗಾಡಿ ಬೇರೆ ಕಳ್ಸಿದಾನೆ! ಡಾಕ್ಟ್ರಿಗೆ ಫೋನ್ ಮಾಡಿ ಕೇಳ್ದೆ, ಒಂದು ಚಿಟಿಕೆ ಉಪ್ಪು ಹಾಕ್ಬೋದಂತೆ!"

ಉಪ್ಪು! ಮುನಿವೆಂಕಟಪ್ಪನವರು ಎದ್ದೇಬಿಟ್ಟರು.

ರೇವಣಸಿದ್ದಪ್ಪ ತೇಗಿದರು. "ತಡೀರಿ ತಾಯಿ. ಇವರ ಈ ವಾರದ್ದು ಆಗೋಯ್ತು. ನಾನೇ ತೂಕ ಹಾಕಿದೀನಿ. ಒಂದು ಗುಂಜಿ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಯಶೋದಮ್ಮ ಗಂಡನನ್ನೂ ಎಲೆಗಳನ್ನೂ ಪಾತ್ರೆಗಳನ್ನೂ ಒಮ್ಮೆ ನೋಡಿದರು. "ಹಂಗಾದ್ರೆ ಮುಂದಿನ ಭಾನುವಾರ ತಿನ್ನೋರಂತೆ ಬಿಡಿ. ಕುಯ್ಸಿದ್ದು ಹಾಳಾಗಬಾರದು. ನೀವೆಲ್ಲ ಹತ್ತಿ!"

ಕೈ ತೊಳೆದದ್ದೇ ತಡ, ಬೀದಿಗೆ ಬೀದಿಯೇ ಟೆಂಪೋ ಏರಿತು. "ನಾನು ಬರೀ ಮೂಸಿ ನೋಡ್ತೀನಿ ಕಣೇ!" ಎಂದು ಮುನಿವೆಂಕಟಪ್ಪನವರು ಗೇಟಿನ ತನಕ ಓಡಿದರು. ಗಾಡಿ ಆಗಲೇ ಹೊರಟಿತ್ತು. ಹಿಂದಿನಿಂದ ಮುನಿತಾಯಮ್ಮ ತಲೆ ಹೊರಹಾಕಿ ಕೂಗಿದರು:

"ಅಣ್ಣಾ, ಸಾರಿನ ಪಾತ್ರೆ ಸಿಂಕಲ್ಲಿ ನೆನೆಹಾಕಿದೀನಿ, ಸ್ವಲ್ಪ ತೊಳೆದಿಟ್ಬಿಡಿ!"